ನಾಲ್ಕು ಸಲ ಶುರುವಾಗಿ ನಾಲ್ಕು ಸಲ ನಿಂತ ಓಟ

ಪ್ರಶ್ನೆ: ನನಗೆ 41 ವರ್ಷ. ದಿನವಿಡೀ ಕೂತು ಮಾಡುವ ಕೆಲಸ. ತೂಕ 76 ಕೆ.ಜಿ. ಕಳೆದ ಎರಡು ವರ್ಷದಲ್ಲಿ ನಾಲ್ಕು ಸಲ ಓಟ ಶುರು ಮಾಡಿದ್ದೇನೆ, ನಾಲ್ಕೂ ಸಲ ಮೂರನೇ ವಾರಕ್ಕೆ ಬಿಟ್ಟಿದ್ದೇನೆ. ಒಳ್ಳೆಯ ಶೂ ಇದೆ, ವಾಚ್ ಇದೆ, ಫೋನಿನಲ್ಲಿ ಆ್ಯಪ್ ಇದೆ. ವಾರಕ್ಕೆ ಐದು ದಿನ, ದಿನಕ್ಕೆ 5 ಕಿ.ಮೀ. ಅಂತ ಲೆಕ್ಕ ಹಾಕಿಕೊಳ್ಳುತ್ತೇನೆ. ಮೊದಲ ವಾರ ಜೋಶ್ ಇರುತ್ತದೆ. 5 ಕಿ.ಮೀ. 30 ನಿಮಿಷದೊಳಗೆ ಮುಗಿಯುತ್ತದೆ, ವಾಚಿನಲ್ಲಿ ಹೃದಯ ಬಡಿತ 175 ದಾಟಿರುತ್ತದೆ, ಮನೆಗೆ ಬಂದು ಅರ್ಧ ಗಂಟೆ ಸೋಫಾ ಮೇಲೆ ಬಿದ್ದಿರುತ್ತೇನೆ. ಆಮೇಲೆ ಒಂದು ದಿನ ಅಲಾರಂ ಹೊಡೆದಾಗ ಏಳಲು ಮನಸ್ಸೇ ಬರುವುದಿಲ್ಲ. ಅಲ್ಲಿಗೆ ಮುಗಿಯಿತು. ನನ್ನ ಗೆಳೆಯನೊಬ್ಬ 15 ವರ್ಷದಿಂದ ಓಡುತ್ತಿದ್ದಾನೆ. ಅವನಿಗಿರುವ ಮೋಟಿವೇಶನ್ ನನಗೇಕಿಲ್ಲ? ಅದನ್ನು ಎಲ್ಲಿಂದ ತರುವುದು?

ಉತ್ತರ: ಎರಡು ವರ್ಷದಲ್ಲಿ ನಾಲ್ಕು ಸಲ ಶುರು ಮಾಡಿದವರಿಗೆ ಮೋಟಿವೇಶನ್ ಇಲ್ಲ ಅಂತ ನಾನು ಹೇಳಲಾರೆ. ಒಂದು ಸಲ ಬಿಟ್ಟ ಮೇಲೆ ಹೆಚ್ಚಿನವರು ಶೂಗಳನ್ನು ಕಪಾಟಿನ ತಳಕ್ಕೆ ತಳ್ಳಿ ಮರೆತುಬಿಡುತ್ತಾರೆ. ನೀವು ಮೂರು ಸಲ ಅವನ್ನು ಮತ್ತೆ ಹೊರಗೆ ತೆಗೆದಿದ್ದೀರಿ. ಹುರುಪು ಬೇಕಾದಷ್ಟಿದೆ. ಅದು ಸೋರಿಹೋಗುವ ತೂತು ಬೇರೆ ಕಡೆ ಇದೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಸೋಫಾ. ಮತ್ತೆ ಆ 175.

220ರಿಂದ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತ ಅಂದಾಜಾಗಿ ಸಿಗುತ್ತದೆ ಅನ್ನುವ ಹಳೆಯ ಲೆಕ್ಕ ಒಂದಿದೆ. ಅದು ಬರೀ ಅಂದಾಜು, ಒಬ್ಬರಿಂದ ಒಬ್ಬರಿಗೆ ಹತ್ತು ಹನ್ನೆರಡು ಆಚೀಚೆ ಆಗುತ್ತದೆ. ಆದರೂ ನಿಮ್ಮ ವಯಸ್ಸಿಗೆ ಅದು 179 ಬರುತ್ತದೆ. ಅಂದರೆ ನೀವು ಪ್ರತಿ ದಿನ ಹೆಚ್ಚುಕಡಿಮೆ ನಿಮ್ಮ ಶಕ್ತಿಯ ತುತ್ತತುದಿ ಮುಟ್ಟಿ ಬರುತ್ತಿದ್ದೀರಿ. ಇದನ್ನು ಅಭ್ಯಾಸ ಅನ್ನುವುದಿಲ್ಲ, ಪರೀಕ್ಷೆ ಅನ್ನುತ್ತಾರೆ. ವಾರಕ್ಕೆ ಐದು ಪರೀಕ್ಷೆ ಬರೆಯುವ ಹುಡುಗ ಮೂರನೇ ವಾರ ಹೊಟ್ಟೆನೋವು ಅಂತ ಮಲಗಿದರೆ ಅವನನ್ನು ಯಾರಾದರೂ ಸೋಮಾರಿ ಅನ್ನುತ್ತಾರಾ?

ನಾನು ಹೊಸಬರಿಗೆ ಓಟ ಕಲಿಸುವವನು. ಬಹಳ ವರ್ಷ ಇದನ್ನೇ ಮಾಡಿದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳುತ್ತೇನೆ: ಓಟ ಬಿಡುವವರಲ್ಲಿ ಹೆಚ್ಚಿನವರು ಮನಸ್ಸು ಸಾಲದೆ ಬಿಡುವುದಿಲ್ಲ, ವೇಗ ಜಾಸ್ತಿಯಾಗಿ ಬಿಡುತ್ತಾರೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುವ ಗಾದೆ ಸುಮ್ನೆ ಹುಟ್ಟಿದ್ದಲ್ಲ.

ಮೂರನೇ ವಾರವೇ ಏಕೆ ಅನ್ನುವುದಕ್ಕೂ ಕಾರಣವಿದೆ. ಓಡಲು ಶುರು ಮಾಡಿದಾಗ ಮೈಯಲ್ಲಿ ಬದಲಾವಣೆಗಳು ಒಟ್ಟಿಗೆ ಆಗುವುದಿಲ್ಲ, ಒಂದೊಂದಕ್ಕೂ ಅದರದ್ದೇ ಸಮಯ ಬೇಕು. ರಕ್ತದ ನೀರಿನಂಶ ಮೊದಲ ಒಂದೆರಡು ವಾರದಲ್ಲೇ ಹೆಚ್ಚುತ್ತದೆ. ಅದಕ್ಕೇ ಎರಡನೇ ವಾರದಲ್ಲಿ "ಅರೆ, ಸ್ವಲ್ಪ ಸುಲಭ ಆಯ್ತಲ್ಲ" ಅನಿಸುವುದುಂಟು. ಸ್ನಾಯುಗಳ ಒಳಗೆ ಸಣ್ಣ ರಕ್ತನಾಳಗಳು ಹೆಚ್ಚುವುದಕ್ಕೆ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಚೆನ್ನಾಗಿ ಬೆಳೆಯುವುದಕ್ಕೆ ಆರೆಂಟು ವಾರ ಹಿಡಿಯುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮತ್ತೆ ಮೂಳೆ, ಇವಕ್ಕೆ ತಿಂಗಳುಗಳೇ ಬೇಕು. ಈಗ ಮೂರನೇ ವಾರದಲ್ಲಿ ನಿಂತು ನೋಡಿ. ಹೊಸತನದ ಖುಷಿ ಕರಗಿದೆ. ಹದಿನೈದು ದಿನದ ಆಯಾಸ ಒಂದರ ಮೇಲೊಂದು ಕೂತಿದೆ. ಮೀನಖಂಡ ಬಿಗಿದಿದೆ. ದೊಡ್ಡ ಲಾಭ ಮಾತ್ರ ಇನ್ನೂ ಒಂದು ತಿಂಗಳು ದೂರದಲ್ಲಿದೆ. ಆ ಬೆಳಿಗ್ಗೆ ಅಲಾರಂ ಹೊಡೆದಾಗ ನಿಮ್ಮ ಮೈ "ಬೇಡ" ಅಂದಿದ್ದು ಸರಿಯಾಗಿ ಲೆಕ್ಕ ಹಾಕಿಯೇ.

ಇನ್ನೊಂದು ವಿಷಯ. ಓಟ ಶುರುವಾದ ಮೊದಲ ಕೆಲವು ನಿಮಿಷ ಎಲ್ಲರಿಗೂ ಕೆಟ್ಟದಾಗಿರುತ್ತದೆ. ನಿಂತವನು ಓಡಲು ತೊಡಗಿದ ಕೂಡಲೇ ಕಾಲಿಗೆ ಆಮ್ಲಜನಕ ಬೇಕು. ಆದರೆ ಶ್ವಾಸಕೋಶ, ಹೃದಯ, ಸ್ನಾಯು ಎಲ್ಲ ಸೇರಿ ಆ ಬೇಡಿಕೆಗೆ ಸರಿಹೊಂದಲು ಎರಡು ಮೂರು ನಿಮಿಷ ಬೇಕು. ಅಭ್ಯಾಸ ಇಲ್ಲದವರಿಗೆ ಇನ್ನೂ ಜಾಸ್ತಿ, ವೇಗ ಮೀರಿದರಂತೂ ಮುಗಿದೇ ಹೋಯಿತು, ಸರಿಹೊಂದುವುದೇ ಇಲ್ಲ. ಹೊಸಬರು ಈ ಮೊದಲ ನಿಮಿಷಗಳ ಏದುಸಿರು ಕಂಡು "ಓಟ ಅಂದರೆ ಇದೇ" ಅಂದುಕೊಳ್ಳುತ್ತಾರೆ. ನಿಮ್ಮ 15 ವರ್ಷದ ಗೆಳೆಯನಿಗೂ ಮೊದಲ ಹತ್ತು ನಿಮಿಷ ಕಾಲು ಭಾರವೇ. ಅದು ಕಳೆದುಹೋಗುತ್ತದೆ ಅಂತ ಅವನಿಗೆ ಗೊತ್ತು, ಅಷ್ಟೇ ವ್ಯತ್ಯಾಸ. ನಾನಂತೂ ಮೊದಲ ಹತ್ತು ನಿಮಿಷದಲ್ಲಿ ಯಾವ ತೀರ್ಮಾನಕ್ಕೂ ಬರುವುದಿಲ್ಲ, ಆ ದಿನದ ಓಟದ ಬಗ್ಗೆಯೂ, ಬದುಕಿನ ಬಗ್ಗೆಯೂ.

ಹಾಗಾದರೆ ಎಷ್ಟು ನಿಧಾನ ಓಡಬೇಕು? ಮಾತಾಡಿಕೊಂಡು ಓಡುವಷ್ಟು. ಎಲ್ಲರೂ ಹೇಳುವ ಮಾತು ಇದು, ಯಾರೂ ಪಾಲಿಸುವುದಿಲ್ಲ. ಒಂದು ಸಂಗತಿ ಹೇಳುತ್ತೇನೆ. ನನ್ನ ಹತ್ತಿರ ಬಂದಿದ್ದ ಒಬ್ಬ ಮಹಿಳೆ, ನಿಮ್ಮದೇ ವಯಸ್ಸು, ನಿಮ್ಮ ಹಾಗೇ ಎರಡು ಸಲ ಬಿಟ್ಟವರು. ಮೊದಲ ದಿನ ಪಕ್ಕದಲ್ಲಿ ಓಡುತ್ತಾ "ನಿಮ್ಮ ಆಫೀಸಿನಲ್ಲಿ ನಿಮಗೆ ಯಾರನ್ನು ಕಂಡರೆ ಆಗೋದಿಲ್ಲ?" ಅಂತ ಕೇಳಿದೆ. ಅವರು ತಮ್ಮ ಮ್ಯಾನೇಜರ್ ವಿಷಯ ಶುರು ಮಾಡಿದರು. ಎರಡು ಮಾತು ಆಡುವಷ್ಟರಲ್ಲಿ ಉಸಿರು ಕಟ್ಟಿತು. ನಿಧಾನ ಮಾಡಿಸಿದೆ. ಮತ್ತೆ ಕಟ್ಟಿತು, ಇನ್ನೂ ನಿಧಾನ ಮಾಡಿಸಿದೆ. ಕೊನೆಗೆ ಎಂಥ ವೇಗಕ್ಕೆ ಬಂದೆವು ಅಂದರೆ, ಪಕ್ಕದಲ್ಲಿ ಬಿರುಸಾಗಿ ನಡೆಯುತ್ತಿದ್ದ ಒಬ್ಬ ಹಿರಿಯರು ನಮ್ಮನ್ನು ದಾಟಿ ಹೋದರು. ಆಕೆಗೆ ನಾಚಿಕೆಯಾಯಿತು, ಕೆಳಗೆ ನೋಡುತ್ತಾ ಓಡಿದರು. ಆದರೆ ಮ್ಯಾನೇಜರ್ ಕಥೆ ಈಗ ನಿಲ್ಲದೆ ಹರಿಯುತ್ತಿತ್ತು. ಆ ರಜೆ ಕೊಡದ ಪ್ರಸಂಗ, ಆ ಮೀಟಿಂಗಿನಲ್ಲಿ ಆಡಿದ ಮಾತು, ಪ್ರಮೋಶನ್ ತಪ್ಪಿಸಿದ್ದು, ಎಲ್ಲ ಬಂತು. ಕಥೆ ಮುಗಿದಾಗ ಇಪ್ಪತ್ತೈದು ನಿಮಿಷ ಕಳೆದಿತ್ತು. "ಅಯ್ಯೋ, ಇಷ್ಟು ಹೊತ್ತು ಓಡಿದೆನಾ?" ಅಂದರು. ಅದೇ ವೇಗ. ನೀವು ಹುಡುಕಬೇಕಾದದ್ದೂ ಅದನ್ನೇ. ಒಬ್ಬರೇ ಓಡುವಾಗ ಜೋರಾಗಿ ಎರಡು ಮೂರು ವಾಕ್ಯ ಹೇಳಿ ನೋಡಿ. ವಾಕ್ಯದ ಮಧ್ಯೆ ಉಸಿರು ಎಳೆಯಬೇಕಾಯಿತು ಅಂದರೆ ವೇಗ ಜಾಸ್ತಿ. ಯಾರಾದರೂ ನೋಡಿದರೆ ಫೋನಿನಲ್ಲಿ ಮಾತಾಡುತ್ತಿದ್ದೀರಿ ಅಂದುಕೊಳ್ಳುತ್ತಾರೆ ಬಿಡಿ.

ಇದು ನಾನು ಕಂಡುಹಿಡಿದ ಗುಟ್ಟಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಅನ್ನುವ ಕೋಚ್ 1960ರ ಆಸುಪಾಸಿನಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದವರನ್ನು ತಯಾರು ಮಾಡಿದವರು. ಅವರೇ ಆಕ್ಲೆಂಡಿನಲ್ಲಿ ಮಧ್ಯವಯಸ್ಸಿನವರನ್ನು, ಹೃದಯಾಘಾತ ಆಗಿದ್ದವರನ್ನೂ ಸೇರಿಸಿ ನಿಧಾನವಾಗಿ ಓಡಿಸಲು ಶುರು ಮಾಡಿದರು. 1962ರ ಕೊನೆಯ ಹೊತ್ತಿಗೆ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಹೋಗಿದ್ದರು. ಮುಂದೆ ನೈಕಿ ಆದ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು ಇವರೇ. ಓಟದ ಬಗ್ಗೆ ತನಗೆ ಗೊತ್ತಿಲ್ಲದ್ದು ಏನಿದೆ ಅಂದುಕೊಂಡು ಆ ಗುಂಪಿನ ಜೊತೆ ಓಡಿದರೆ, ಗುಂಪು ಮುಂದೆ ಹೋಗಿಬಿಟ್ಟಿತು. ಅವರ ಜೊತೆ ಹಿಂದೆ ಉಳಿದವರು ಹೃದಯಾಘಾತ ಆಗಿದ್ದ, ಎಪ್ಪತ್ತು ದಾಟಿದ್ದ ಒಬ್ಬ ಅಜ್ಜ. ಅಜ್ಜ ಆರಾಮಾಗಿ ಮಾತಾಡುತ್ತಿದ್ದರು, ಐವತ್ತರ ಕೋಚ್ ಉಸಿರಿಗೆ ಪರದಾಡುತ್ತಿದ್ದರು. ಬೋವರ್‌ಮನ್ ಊರಿಗೆ ವಾಪಸ್ ಹೋಗಿ ಅಮೆರಿಕದಲ್ಲಿ ಜಾಗಿಂಗ್ ಹರಡಿದ್ದು ಆಮೇಲಿನ ಮಾತು. ಲಿಡಿಯಾರ್ಡ್ ಪದೇ ಪದೇ ಹೇಳುತ್ತಿದ್ದದ್ದು ಒಂದೇ: ಪಳಗಿಸಿಕೊಳ್ಳಿ, ಹಿಂಡಿಕೊಳ್ಳಬೇಡಿ.

ಮಾತಾಡುತ್ತಾ ಓಡುವಷ್ಟು ನಿಧಾನ ಮಾಡಿದರೂ ಆಗುತ್ತಿಲ್ಲ ಅಂದರೆ ಮಧ್ಯೆ ಮಧ್ಯೆ ನಡೆಯಿರಿ. ನಡೆದರೆ ಓಟ ಕೆಟ್ಟುಹೋಯಿತು ಅನ್ನುವುದು ಶಾಲೆಯ ಮೈದಾನದಿಂದ ನಾವು ಹೊತ್ತು ತಂದ ಹುಚ್ಚು. 1996ರಲ್ಲಿ ಜೋಶ್ ಕ್ಲಾರ್ಕ್ ಅನ್ನುವ ಅಮೆರಿಕದ ಯುವಕ ರೂಪಿಸಿದ 'ಕೌಚ್ ಟು 5ಕೆ' ಇವತ್ತಿಗೂ ಹೊಸಬರಿಗೆ ಕೊಡುವ ಅತಿ ಹೆಸರುವಾಸಿ ಪಟ್ಟಿ. ಅದರ ಮೊದಲ ವಾರ ಎಷ್ಟು ಗೊತ್ತಾ? 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೇ 20 ನಿಮಿಷ. ವಾರಕ್ಕೆ ಮೂರೇ ದಿನ. 5 ಕಿ.ಮೀ. ತಲುಪಲು 9 ವಾರ. ನೀವು ಅದನ್ನು ಮೊದಲ ದಿನವೇ ಓಡುತ್ತಿದ್ದೀರಿ, ಅದೂ ಓಡಿಹೋಗುವ ಬಸ್ ಹಿಡಿಯುವವರ ಹಾಗೆ.

ಈಗ ಸೋಫಾದ ವಿಷಯಕ್ಕೆ ಬರುತ್ತೇನೆ. ನಾವು ಒಂದು ಅನುಭವವನ್ನು ಪೂರ್ತಿಯಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಅದರ ಅತಿ ತೀವ್ರ ಗಳಿಗೆ ಮತ್ತೆ ಅದು ಮುಗಿದ ರೀತಿ, ಇವೆರಡೇ ಜಾಸ್ತಿ ಉಳಿಯುವುದು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಒಂದು ತಮಾಷೆಯ ಪ್ರಯೋಗ ಪ್ರಕಟಿಸಿದರು. ಜನರು ಒಂದು ಸಲ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್. ಆದರೆ ಆ ಕೊನೆಯ 30 ಸೆಕೆಂಡಿನಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತದೆ. ಯಾವುದನ್ನು ಇನ್ನೊಮ್ಮೆ ಮಾಡುತ್ತೀರಿ ಅಂತ ಕೇಳಿದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು! ಒಟ್ಟು ಕಷ್ಟ ಅದರಲ್ಲೇ ಜಾಸ್ತಿ, ಆದರೆ ಕೊನೆ ಸ್ವಲ್ಪ ಹಿತ. ವ್ಯಾಯಾಮದಲ್ಲೂ ಇದನ್ನು ನೋಡಿದ್ದಾರೆ. 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಕಷ್ಟದಿಂದ ಶುರುವಾಗಿ ಸುಲಭದ ಕಡೆಗೆ ಇಳಿಯುವಂತೆ ವ್ಯಾಯಾಮ ಮಾಡಿದವರು, ಸುಲಭದಿಂದ ಕಷ್ಟಕ್ಕೆ ಏರಿದವರಿಗಿಂತ ಅದನ್ನು ಹಿತವಾಗಿ ನೆನಪಿಟ್ಟುಕೊಂಡರು.

ನೀವು ಏನು ಮಾಡುತ್ತೀರಿ? 30 ನಿಮಿಷದೊಳಗೆ ಮುಗಿಸಲೇಬೇಕು ಅಂತ ಕೊನೆಯ ಅರ್ಧ ಕಿ.ಮೀ. ಹಲ್ಲುಕಚ್ಚಿ ಓಡುತ್ತೀರಿ. ಅತಿ ತೀವ್ರ ಗಳಿಗೆಯೂ ಅದೇ, ಕೊನೆಯೂ ಅದೇ. ಮರುದಿನ ಅಲಾರಂ ಹೊಡೆದಾಗ ತಲೆಯೊಳಗೆ ಮೂಡುವ ಚಿತ್ರ ಅದೊಂದೇ. ಹಾಗಾಗಿ ಪ್ರತಿ ಓಟದ ಕೊನೆಯ ಐದು ನಿಮಿಷ ನಡೆಯಿರಿ. ಮನೆಗೆ ಉಸಿರು ಸರಿ ಇದ್ದಾಗಲೇ ಸೇರಿ. "ಇನ್ನೂ ಸ್ವಲ್ಪ ಓಡಬಹುದಿತ್ತಲ್ಲ" ಅನ್ನುವಾಗಲೇ ನಿಲ್ಲಿಸಿ. ಆ ಉಳಿದ ಆಸೆಯೇ ನಾಡಿದ್ದು ನಿಮ್ಮನ್ನು ಎಬ್ಬಿಸುವುದು.

ಇನ್ನು ಕಾರಣದ ಪ್ರಶ್ನೆ. ಯಾಕಾಗಿ ಓಡುತ್ತೀರಿ ಅಂತ ನೀವು ಬರೆದಿಲ್ಲ. ಆದರೆ ತೂಕ ಬರೆದಿದ್ದೀರಿ, ಅದರಿಂದ ಊಹಿಸಿದೆ. ತೂಕ ಇಳಿಸಲು ಓಡುವುದು ತಪ್ಪಲ್ಲ. ಆದರೆ ಓಟದಲ್ಲಿ ಉಳಿಯಲು ಅದು ಕೆಟ್ಟ ಕಾರಣ. ಲೆಕ್ಕ ನೋಡಿ. ಒಂದು ಕಿ.ಮೀ. ಓಡಿದರೆ ಮೈತೂಕದ ಪ್ರತಿ ಕೆ.ಜಿ.ಗೆ ಸುಮಾರು ಒಂದು ಕ್ಯಾಲರಿ ಖರ್ಚಾಗುತ್ತದೆ. 76 ಕೆ.ಜಿ., 5 ಕಿ.ಮೀ., ಒಟ್ಟು 380. ಮೈಯಲ್ಲಿರುವ ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ ಅಂತ ಲೆಕ್ಕ. ಅಂದರೆ ಒಂದು ಕೆ.ಜಿ. ಇಳಿಯಲು 20 ಸಲ 5 ಕಿ.ಮೀ. ಓಡಬೇಕು, ಅದೂ ತಿನ್ನುವುದು ಒಂದಿಷ್ಟೂ ಹೆಚ್ಚಾಗದಿದ್ದರೆ. ಓಡಿದವರಿಗೆ ಹಸಿವೂ ಹೆಚ್ಚುತ್ತದೆ ಅನ್ನುವುದು ನಿಮಗೂ ಗೊತ್ತು. ಮೂರನೇ ವಾರ ತೂಕದ ಯಂತ್ರದ ಮೇಲೆ ನಿಂತವರಿಗೆ ಮುಳ್ಳು ಅಲ್ಲೇ ಇರುವುದು ಕಂಡರೆ, ಓಡಿದ್ದೆಲ್ಲ ದಂಡ ಅನಿಸದೆ ಇರುತ್ತಾ?

ರೇಸ್ ಕೂಡ ಹೀಗೇ ಕೈಕೊಡುತ್ತದೆ. ಇದು ನನ್ನದೇ ಕಥೆ. ಮೂವತ್ತು ದಾಟಿದ ಮೇಲೆ ಒಬ್ಬರ ಜೊತೆ ಬಾಜಿ ಕಟ್ಟಿ 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟೆ. ನಾಲ್ಕು ತಿಂಗಳು ಒಂದು ದಿನ ತಪ್ಪಿಸದೆ ಓಡಿದೆ. ರೇಸ್ ಮುಗಿಯಿತು, ಮೆಡಲ್ ಬಂತು, ಫೋಟೋ ಬಂತು. ಆಮೇಲೆ ಎಂಟು ತಿಂಗಳು ಶೂ ಮುಟ್ಟಲಿಲ್ಲ. ಯಾಕೆ ಅಂತ ಆಗ ಹೊಳೆದಿರಲಿಲ್ಲ. ಈಗ ಗೊತ್ತು. ನಾನು ಓಡುತ್ತಿದ್ದದ್ದು ಆ ಭಾನುವಾರಕ್ಕಾಗಿ. ಭಾನುವಾರ ಕಳೆಯಿತು, ಸೋಮವಾರ ಓಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಮತ್ತೆ ಶುರುವಾಗಿದ್ದು ಬಹಳ ಸಣ್ಣ ಕಾರಣಕ್ಕೆ. ಮನೆಯಲ್ಲಿ ಚಿಕ್ಕ ಮಕ್ಕಳು, ಹೊರಗೆ ಕೆಲಸ, ದಿನಪೂರ್ತಿ ಯಾರೋ ಏನೋ ಕೇಳುತ್ತಲೇ ಇರುತ್ತಿದ್ದರು. ಒಂದು ಸಂಜೆ ತಲೆ ಕೆಟ್ಟು, ಓಡಿ ಬರುತ್ತೇನೆ ಅಂತ ಹೇಳಿ ಹೊರಗೆ ಬಿದ್ದೆ. ಫೋನ್ ಒಯ್ಯಲಿಲ್ಲ. ಅರ್ಧ ಗಂಟೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅಷ್ಟೇ. ಆ ಅರ್ಧ ಗಂಟೆಯ ಮೌನಕ್ಕೆ ನಾನು ಇವತ್ತಿಗೂ ಓಡುತ್ತೇನೆ. ಆರೋಗ್ಯ, ಆಯಸ್ಸು ಎಲ್ಲ ಅದರ ಹಿಂದೆ ಬಾಲದ ಹಾಗೆ ಬಂದವು.

ವರ್ಷಗಟ್ಟಲೆ ಓಡುವವರನ್ನು ಕೇಳಿ ನೋಡಿ, ಕಾರಣಗಳು ಹೀಗೇ ಚಿಕ್ಕವು, ಸ್ವಲ್ಪ ವಿಚಿತ್ರವೂ ಇರುತ್ತವೆ. ಒಬ್ಬರು ರಾತ್ರಿ ನಿದ್ದೆ ಬರಲಿ ಅಂತ ಓಡುತ್ತಾರೆ. ಒಬ್ಬರು ಓಡುವಾಗ ಮಾತ್ರ ಕೇಳುವ ಧಾರಾವಾಹಿ ಇಟ್ಟುಕೊಂಡಿದ್ದಾರೆ, ಮುಂದಿನ ಕಂತಿಗಾಗಿ ಓಡುತ್ತಾರೆ. ಒಬ್ಬರು ಸಿಗರೇಟ್ ಬಿಟ್ಟಿದ್ದಾರೆ, ಮತ್ತೆ ಹಿಡಿಯುವ ಭಯಕ್ಕೆ ಓಡುತ್ತಾರೆ. ದುಃಖದಿಂದ ಶುರು ಮಾಡಿದವರೂ ಇದ್ದಾರೆ. ಫೌಜಾ ಸಿಂಗ್ ಹೆಸರು ಕೇಳಿರುತ್ತೀರಿ. ಹೆಂಡತಿ ತೀರಿಕೊಂಡು, 1994ರಲ್ಲಿ ಮಗನೂ ಕಣ್ಣೆದುರೇ ಹೋದ ಮೇಲೆ, ಇಂಗ್ಲೆಂಡಿನಲ್ಲಿ ಆ ನೋವಿನಿಂದ ಹೊರಬರಲು ಓಡತೊಡಗಿದವರು. 2000ದಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ ಅವರಿಗೆ 89. 2011ರಲ್ಲಿ ಟೊರಾಂಟೊ ಮ್ಯಾರಥಾನ್ ಮುಗಿಸಿದಾಗ, ಪಾಸ್‌ಪೋರ್ಟಿನ ಪ್ರಕಾರ, ನೂರು. ಹುಟ್ಟಿದ ದಾಖಲೆ ಇಲ್ಲದ್ದರಿಂದ ಗಿನ್ನೆಸ್‌ನವರು ಒಪ್ಪಲಿಲ್ಲ. ಅದರಿಂದ ಅವರ ಓಟವೇನೂ ನಿಲ್ಲಲಿಲ್ಲ.

ಶುರು ಮಾಡಿಸುವ ಕಾರಣ ಬೇರೆ, ಉಳಿಸುವ ಕಾರಣ ಬೇರೆ. ಎರಡನೆಯದನ್ನು ಮೊದಲೇ ಯೋಚಿಸಿ ಕಂಡುಹಿಡಿಯಲು ಆಗುವುದಿಲ್ಲ, ಓಡುತ್ತಾ ಓಡುತ್ತಾ ಅದಾಗಿ ಸಿಗಬೇಕು. ಅದಕ್ಕೆ ಮೂರು ವಾರ ಸಾಲದು. ಅದಕ್ಕೇ ನಿಧಾನ ಓಡಿ ಅಂತ ಇಷ್ಟು ಕೊರೆಯುತ್ತಿದ್ದೇನೆ, ಕಾರಣ ಸಿಗುವ ತನಕವಾದರೂ ನೀವು ಅಲ್ಲಿರಬೇಕಲ್ವಾ?

'ರನ್ನರ್ಸ್ ಹೈ' ಅನ್ನುವ ಆ ತೇಲುವ ಆನಂದಕ್ಕೆ ಕಾಯಬೇಡಿ. ಬಂದರೆ ಒಳ್ಳೆಯದು, ಬರದಿದ್ದರೆ ನಿಮ್ಮಲ್ಲೇನೂ ಕೊರತೆಯಿಲ್ಲ. ಅದು ಎಂಡಾರ್ಫಿನ್‌ನಿಂದ, ಅಂದರೆ ನೋವು ತಗ್ಗಿಸಲು ಮೈಯೇ ತಯಾರಿಸುವ ರಾಸಾಯನಿಕದಿಂದ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಂಡಾರ್ಫಿನ್ ಕೆಲಸ ಮಾಡದಂತೆ ಔಷಧ ಕೊಟ್ಟು ಓಡಿಸಿದರೂ ಜನರಿಗೆ ಆ ಖುಷಿ ಬಂತು. ಹಾಗಾಗಿ ಈಗ ಮೈಯೊಳಗೇ ತಯಾರಾಗುವ ಎಂಡೊಕ್ಯಾನಬಿನಾಯ್ಡ್ ಅನ್ನುವ ರಾಸಾಯನಿಕಗಳ ಕಡೆ ಬೊಟ್ಟು ಮಾಡುತ್ತಿದ್ದಾರೆ. ಏನೇ ಇರಲಿ, ಹೊಸಬರ ಮೊದಲ ತಿಂಗಳಿಗೆ ಅದು ಸಂಬಂಧವಿಲ್ಲದ ಮಾತು.

ಈಗ ಆ ಅಲಾರಂ. 21 ದಿನ ಮಾಡಿದರೆ ಯಾವುದಾದರೂ ರೂಢಿಯಾಗುತ್ತದೆ ಅಂತ ನೀವೂ ಕೇಳಿರುತ್ತೀರಿ. ಮೂರನೇ ವಾರ ಬಿಟ್ಟಾಗ "21 ದಿನ ಆಯಿತು, ಆದರೂ ರೂಢಿ ಆಗಲಿಲ್ಲ, ನನ್ನಲ್ಲೇ ದೋಷ" ಅಂದುಕೊಂಡಿರಲೂಬಹುದು. ಆ 21ನ್ನು ಮರೆತುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿದ ಅಧ್ಯಯನ 2010ರಲ್ಲಿ ಅಚ್ಚಾಯಿತು. ಒಂದು ಹೊಸ ಕೆಲಸ ತಾನಾಗಿ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ಸಾಕಾಯಿತು, ಕೆಲವರಿಗೆ 254 ಬೇಕು ಅನ್ನುವ ಅಂದಾಜು ಬಂತು. ವ್ಯಾಯಾಮದಂಥ ಕೆಲಸಕ್ಕೆ ಒಂದು ಲೋಟ ನೀರು ಕುಡಿಯುವಂಥ ಕೆಲಸಕ್ಕಿಂತ ಜಾಸ್ತಿ ದಿನ ಬೇಕಾಯಿತು. ನನಗೆ ಇಷ್ಟವಾದದ್ದು ಇನ್ನೊಂದು: ಮಧ್ಯೆ ಒಂದು ದಿನ ತಪ್ಪಿದರೂ ರೂಢಿಗೆ ಅಂಥ ಪೆಟ್ಟೇನೂ ಬೀಳಲಿಲ್ಲ.

ಎಲ್ಲಿ, ಯಾವಾಗ ಅನ್ನುವುದನ್ನು ಮೊದಲೇ ಬರೆದಿಡಿ. ಇದು ಕೇಳಲು ಬಾಲಿಶ ಅನಿಸಬಹುದು. 2002ರಲ್ಲಿ ಬ್ರಿಟನ್ನಿನಲ್ಲಿ 248 ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ ಏನೂ ಹೇಳಲಿಲ್ಲ. ಎರಡನೆಯದಕ್ಕೆ ವ್ಯಾಯಾಮದ ಲಾಭಗಳ ಬಗ್ಗೆ ಹುರಿದುಂಬಿಸುವ ಬರಹ ಓದಲು ಕೊಟ್ಟರು. ಮೂರನೆಯದಕ್ಕೆ ಅದನ್ನೂ ಕೊಟ್ಟು, ಮುಂದಿನ ವಾರ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ವ್ಯಾಯಾಮ ಮಾಡುತ್ತೀರಿ ಅಂತ ಬರೆಸಿದರು. ಆ ವಾರ ಕನಿಷ್ಠ ಒಂದು ಸಲ ವ್ಯಾಯಾಮ ಮಾಡಿದವರು ಮೊದಲ ಗುಂಪಿನಲ್ಲಿ ಶೇ. 38, ಎರಡನೆಯದರಲ್ಲಿ ಶೇ. 35, ಮೂರನೆಯದರಲ್ಲಿ ಶೇ. 91. ಹುರಿದುಂಬಿಸುವ ಮಾತಷ್ಟೇ ಕೇಳಿದವರು ಏನೂ ಕೇಳದವರಿಗಿಂತ ಮುಂದೆ ಹೋಗಲಿಲ್ಲ! ಒಂದೇ ವಾರದ ಲೆಕ್ಕ ಇದು, ವರ್ಷಕ್ಕೆ ಹಿಗ್ಗಿಸಬಾರದು. ಆದರೂ ಮೋಟಿವೇಶನ್ ವಿಡಿಯೋ ನೋಡುತ್ತಾ ಹಾಸಿಗೆಯಲ್ಲೇ ಉಳಿದ ಬೆಳಗುಗಳು ನನಗೂ ಇದ್ದವು, ಅದಕ್ಕೇ ನಂಬಿಕೆ ಬಂತು.

ಬರೆಯುವಾಗ "ಬೆಳಿಗ್ಗೆ ಓಡುತ್ತೇನೆ" ಅಂದರೆ ಸಾಲದು. "ಮಂಗಳವಾರ, ಗುರುವಾರ, ಶನಿವಾರ, ಹಲ್ಲುಜ್ಜಿದ ಕೂಡಲೇ ಶೂ ಹಾಕಿ ಗೇಟಿನಿಂದ ಎಡಕ್ಕೆ" ಅನ್ನುವ ಹಾಗಿರಲಿ. ಬೆಳಿಗ್ಗೆಯೇ ಆಗಬೇಕು ಅಂತೇನೂ ಇಲ್ಲ. ಸಂಜೆಯ ಜೀವ ನೀವಾಗಿದ್ದರೆ ಸಂಜೆ ಓಡಿ, ಐದು ಗಂಟೆಗೆ ಎದ್ದವರೇ ಓಟಗಾರರು ಅನ್ನುವವರ ಮಾತಿಗೆ ಕಿವಿಗೊಡಬೇಡಿ.

ಮನಸ್ಸಿಲ್ಲದ ದಿನ ಏನು ಮಾಡುವುದು? ನನ್ನದು ಒಂದೇ ಕರಾರು. ಶೂ ಹಾಕಿ ಹತ್ತು ನಿಮಿಷ ಹೋಗಬೇಕು. ಹತ್ತು ನಿಮಿಷ ಆದ ಮೇಲೂ ಬೇಡ ಅನಿಸಿದರೆ ತಿರುಗಿ ಬರಬಹುದು, ತಪ್ಪಿತಸ್ಥರಂತೆ ಅಲ್ಲ, ಆರಾಮಾಗಿ. ಮೊದಲ ನಿಮಿಷಗಳ ಬಗ್ಗೆ ಆಗಲೇ ಹೇಳಿದೆನಲ್ಲ, ಹತ್ತು ನಿಮಿಷದ ಹೊತ್ತಿಗೆ ಮೈ ಒಂದು ಹದಕ್ಕೆ ಬಂದಿರುತ್ತದೆ. ನಾನು ತಿರುಗಿ ಬಂದದ್ದಿದೆ, ಆದರೆ ಅಪರೂಪ. ಹಾಗೆ ಬಂದ ಮೂರು ಸಲದಲ್ಲಿ ಎರಡು ಸಲ ಮರುದಿನ ಜ್ವರ ಬಂದಿತ್ತು.

ಜ್ವರ, ಪ್ರಯಾಣ, ಕೆಲಸದ ಒತ್ತಡ ಅಂತ ಹತ್ತು ದಿನ ತಪ್ಪಿಹೋಯಿತು ಅಂದುಕೊಳ್ಳಿ. ಅಷ್ಟರಲ್ಲಿ ಕಳೆದುಕೊಳ್ಳುವುದು ತೀರಾ ಕಡಿಮೆ. ಮೂರ್ನಾಲ್ಕು ವಾರ ಆದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ, ಆದರೆ ಅದೂ ವಾಪಸ್ ಬರುತ್ತದೆ. ನಿಜವಾಗಿ ಜನ ಎಡವುವುದು ಮರಳಿ ಬರುವ ಮೊದಲ ದಿನ. ತಪ್ಪಿದ್ದಕ್ಕೆ ದಂಡ ಕಟ್ಟುವವರ ಹಾಗೆ ದುಪ್ಪಟ್ಟು ಓಡುತ್ತಾರೆ, ಮತ್ತೆ ಸೋಫಾ. ಮರಳಿದ ದಿನ ಅರ್ಧ ಓಡಿ. ನಗು ಬರುವಷ್ಟು ಕಡಿಮೆ ಓಡಿ.

ವಾಚನ್ನು ಆರು ವಾರ ಡ್ರಾಯರಿನಲ್ಲಿಡಿ. ಆ್ಯಪನ್ನೂ. ಈಗ ನಿಮಗೆ ಬೇಕಾಗಿರುವುದು ನಿಮಿಷದ ಲೆಕ್ಕ ಮಾತ್ರ, ಅದಕ್ಕೆ ಯಾವ ಗಡಿಯಾರವಾದರೂ ಸಾಕು. ವೇಗದ ಅಂಕಿ ಕಣ್ಣಿಗೆ ಬಿದ್ದರೆ ನಿನ್ನೆಗಿಂತ ಚೂರು ಬೇಗ ಓಡೋಣ ಅನಿಸಿಯೇ ಅನಿಸುತ್ತದೆ, ನನಗೂ ಅನಿಸುತ್ತದೆ. ಗೆಳೆಯನ ಜೊತೆ ಸದ್ಯಕ್ಕೆ ಓಡಬೇಡಿ. ಅವನು ಎಷ್ಟೇ ನಿಧಾನ ಮಾಡಿದರೂ ಅದು ನಿಮಗೆ ವೇಗವೇ. ಓಡುವ ಬದಲು ಅವನ ಮೊದಲ ವರ್ಷ ಹೇಗಿತ್ತು ಅಂತ ಕೇಳಿ. ಅವನೂ ಒಂದೆರಡು ಸಲ ಬಿಟ್ಟಿದ್ದನ್ನು ಹೇಳದಿದ್ದರೆ ನನಗೆ ಆಶ್ಚರ್ಯ.

ಒಂದು ಎಚ್ಚರಿಕೆ. 41ರಲ್ಲಿ, ಬಹಳ ಕಾಲ ಕೂತೇ ಇದ್ದವರು, ಬಿಪಿ, ಸಕ್ಕರೆ ಅಥವಾ ಮನೆಯಲ್ಲಿ ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರ್ ಹತ್ತಿರ ತೋರಿಸಿಕೊಳ್ಳಿ. ಓಡುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ, ತಡ ಮಾಡದೆ ತೋರಿಸಿ. ಕಾಲಿನ ನೋವಿನ ವಿಷಯಕ್ಕೆ ಬಂದರೆ, ಎರಡೂ ಕಾಲಲ್ಲಿ ಸ್ನಾಯು ಹಿಡಿದಂತಿದ್ದು ಎರಡು ದಿನಕ್ಕೆ ಹೋಗುವುದು ಸಹಜ. ಒಂದೇ ಕಡೆ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ, ಓಡಿದಷ್ಟೂ ಹೆಚ್ಚುವ ನೋವಿಗೆ ಹಟ ಬೇಡ.

ಇಷ್ಟೆಲ್ಲ ಮಾಡಿಯೂ, ಮೂರು ತಿಂಗಳು ನಿಧಾನವಾಗಿ ಓಡಿಯೂ, ಓಟ ನಿಮಗೆ ಹಿಡಿಸದೆ ಇರಬಹುದು. ಆಗ ಬಿಟ್ಟುಬಿಡಿ. ಓಟ ಕಲಿಸುವವನೇ ಹೀಗನ್ನುತ್ತಾನಲ್ಲ ಅನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಹದವಾದ ಅಥವಾ 75 ನಿಮಿಷ ಬಿರುಸಾದ ಚಟುವಟಿಕೆ. ಅದು ಓಟವೇ ಆಗಬೇಕು ಅಂತ ಎಲ್ಲೂ ಇಲ್ಲ. ಈಜು ಇದೆ, ಸೈಕಲ್ ಇದೆ, ಬಿರುಸು ನಡಿಗೆ ಇದೆ. ಆದರೆ ನೀವು ಇದುವರೆಗೆ ನಾಲ್ಕು ಸಲ ಬಿಟ್ಟಿದ್ದು ಓಟವನ್ನಲ್ಲ, ದಿನಾ ಬರೆಯುವ ಪರೀಕ್ಷೆಯನ್ನು. ಓಟವನ್ನು ಇನ್ನೂ ಒಂದು ಸಲವೂ ನೋಡಿಲ್ಲ.

ಐದನೇ ಸಲಕ್ಕೆ ಹೀಗೆ ಮಾಡಿ. ಮುಂದಿನ ಮಂಗಳವಾರ ಐದು ನಿಮಿಷ ನಡೆಯಿರಿ. ಆಮೇಲೆ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಎಂಟು ಸಲ. ಕೊನೆಗೆ ಐದು ನಿಮಿಷ ನಡೆದು ಮನೆಗೆ ಬನ್ನಿ. ಇಷ್ಟೇನಾ ಅನಿಸುತ್ತದೆ, ಅನಿಸಲಿ. ಬುಧವಾರ ಓಡಲು ಕಾಲು ತುಡಿದರೂ ಓಡಬೇಡಿ. ಗುರುವಾರ, ಶನಿವಾರ ಅದೇ. ಎರಡು ವಾರ ಇದನ್ನು ಬದಲಿಸಬೇಡಿ. ಮೂರನೇ ವಾರ, ನೀವು ಯಾವಾಗಲೂ ಬಿಡುವ ಆ ವಾರ, ಹೆಚ್ಚಿಸುವ ಬದಲು ಇನ್ನೂ ಒಂದು ಸುತ್ತು ಕಡಿಮೆ ಮಾಡಿ, ಏಳಕ್ಕೆ ನಿಲ್ಲಿಸಿ. ನಾಲ್ಕನೇ ವಾರದಿಂದ ಓಟದ ನಿಮಿಷ ಸ್ವಲ್ಪ ಸ್ವಲ್ಪ ಬೆಳೆಯಲಿ. ಆರನೇ ವಾರ ಮುಗಿದ ಮೇಲೆ ನನಗೆ ಇನ್ನೊಂದು ಪತ್ರ ಹಾಕಿ. ಎಷ್ಟು ಕಿ.ಮೀ. ಆಯಿತು ಅಂತ ಬರೆಯುವುದು ಬೇಡ. ಓಡಿ ಬಂದು ಸೋಫಾ ಮೇಲೆ ಎಷ್ಟು ಹೊತ್ತು ಬಿದ್ದಿರುತ್ತೀರಿ ಅನ್ನುವುದನ್ನು ಬರೆಯಿರಿ.